ಹಳೇ ಬಿಲ್ಡಿಂಗ್ ರಿನೊವೇಶನ್ ಮಾಡೋವಾಗ ಫೈರ್ ಎಕ್ಸಿಟ್ ಪ್ಲಾನ್ ಮಾಡೋದು ಹೇಗೆ? ಕೆಳಗೆ ಅಂಗಡಿ, ಮೇಲೆ ಮನೆ ಇರೋ ಕಟ್ಟಡಕ್ಕೆ ಸಮಗ್ರ ಮಾರ್ಗದರ್ಶಿ

ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ. ಇಂಥ ಹಳೇ ಬಿಲ್ಡಿಂಗ್ ರಿನೊವೇಶನ್‌ಗೆ ಕೈ ಹಾಕಿದಾಗ ಎಲ್ರೂ ಮೊದಲು ಮಾತಾಡೋದು ಫ್ಲೋರಿಂಗ್ ಬಗ್ಗೆ, ಬಾತ್‌ರೂಮ್ ಬಗ್ಗೆ, ಮುಂದಿನ ಎಲಿವೇಶನ್ ಹೇಗೆ ಕಾಣತ್ತೆ ಅನ್ನೋದ್ರ ಬಗ್ಗೆ. ಫೈರ್ ಎಕ್ಸಿಟ್ ವಿಷ್ಯ ಬರೋದು ಕೊನೇಲಿ, ಅದೂ ಪರ್ಮಿಶನ್‌ಗೆ ಡ್ರಾಯಿಂಗ್ ಕೊಡೋ ಹಿಂದಿನ ದಿನ, ಆವಾಗ ಯಾವುದೋ ಒಂದು ಬಾಗಿಲ ಮೇಲೆ ಹಸಿರು ಬೋರ್ಡ್ ಬರೆದು ಮುಗಿಸಿಬಿಡ್ತಾರೆ. ನಂಗೆ ತುಂಬಾ ಸಂಕಟ ಆಗೋದು ಇಲ್ಲೇ. ಗೋಡೆ ಒಡೆಯೋ ಮುಂಚೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದ್ರೆ ಆಗೋ ಕೆಲ್ಸ, ಟೈಲ್ಸ್ ಕೂರಿಸಿ ಬಾಡಿಗೆದಾರರು ಬಂದ್ಮೇಲೆ ಮಾಡೋಕೆ ಹೋದ್ರೆ ಆಗೋದೇ ಇಲ್ಲ.

ಎಕ್ಸಿಟ್ ಅನ್ನೋದು ಒಂದು ದಾರಿ ಅಂತ ತಿಳ್ಕೊಳ್ಳಿ. ಮೇಲಿನ ಮನೇಲಿ ಮಲಗಿರೋರ ಮಂಚದ ಪಕ್ಕ ಶುರುವಾಗಿ ರಸ್ತೇಲಿ ಕಾಲಿಡೋವರೆಗೂ ಇರೋ ದಾರಿ. ಅದ್ರಲ್ಲಿ ಎಲ್ಲೂ, ಒಂದು ಮೆಟ್ಲಷ್ಟು ಜಾಗದಲ್ಲೂ, ಕೆಳಗಿನ ಅಂಗಡಿಯ ಬೆಂಕಿ ಹೊಗೆ ಎದುರಾಗ್ಬಾರ್ದು. ನಾನು ಕೆಳಗೆ ಬರೆದಿರೋದೆಲ್ಲ ಈ ಒಂದು ಮಾತಿಗೇ ಬಂದು ಸೇರತ್ತೆ.

ಇಲ್ಲಿ ಕೊಟ್ಟಿರೋ ಅಳತೆಗಳು ಹೆಚ್ಚಿನವು ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಮತ್ತೆ ಎನ್‌ಎಫ್‌ಪಿಎ (ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ) 101 ಲೈಫ್ ಸೇಫ್ಟಿ ಕೋಡ್‌ನವು, ಬೇರೆ ಬೇರೆ ದೇಶದವರು ನೋಡಿ ಬಳಸೋ ಪುಸ್ತಕಗಳು ಇವು. ನಿಮ್ಮಲ್ಲಿ ಜಾರಿಯಲ್ಲಿರೋ ನಿಯಮದಲ್ಲಿ ಅಂಕಿ ಬೇರೆ ಇದ್ರೆ ಅದೇ ಕೊನೇ ಮಾತು. ಫೈರ್ ಡಿಪಾರ್ಟ್‌ಮೆಂಟ್‌ನವರನ್ನೂ ಸ್ಟ್ರಕ್ಚರಲ್ ಇಂಜಿನಿಯರ್‌ನೂ ಸ್ಕೆಚ್ ಹಂತದಲ್ಲೇ ಕರೀರಿ, ಡ್ರಾಯಿಂಗ್ ಫೈನಲ್ ಆದ್ಮೇಲೆ ಕರೆದ್ರೆ ಅವ್ರು ಬೇಡ ಅನ್ನೋದು ಬಿಟ್ಟು ಇನ್ನೇನೂ ಹೇಳೋಕಾಗಲ್ಲ.

ಹಂತ 1: ಇರೋ ಬಿಲ್ಡಿಂಗನ್ನ ಕಾಲಲ್ಲಿ ಅಳೀರಿ

ಹಳೇ ಬ್ಲೂಪ್ರಿಂಟ್ ಸಿಕ್ಕಿದ್ರೂ ಅದನ್ನ ನಂಬಬೇಡಿ. ನಲವತ್ತು ಐವತ್ತು ವರ್ಷದಲ್ಲಿ ಯಾರ್ಯಾರೋ ಗೋಡೆ ಎಬ್ಬಿಸಿರ್ತಾರೆ, ಬಾಗಿಲು ಮುಚ್ಚಿರ್ತಾರೆ, ಮೆಟ್ಲು ಕೆಳಗೆ ಗೋಡೌನ್ ಮಾಡಿರ್ತಾರೆ. ಟೇಪು, ಟಾರ್ಚು, ಒಂದು ಖಾಲಿ ಹಾಳೆ ತಗೊಂಡು ಮೇಲಿನ ಮಹಡಿಯ ಅತೀ ದೂರದ ಮೂಲೆಗೆ ಹೋಗಿ ನಿಂತ್ಕೊಳ್ಳಿ. ಅಲ್ಲಿಂದ ರಸ್ತೆವರೆಗೂ ನಡೀತಾ ಬನ್ನಿ. ಎಲ್ಲಿ ತಿರುಗಬೇಕು, ಎಷ್ಟು ಬಾಗಿಲು, ಯಾವ ಬಾಗಿಲು ಯಾವ ಕಡೆ ತೆಗೆಯತ್ತೆ, ಎಲ್ಲಿ ಬೀಗ, ಎಲ್ಲಿ ಭುಜ ತಾಗತ್ತೆ ಎಲ್ಲ ಬರ್ಕೊಳ್ಳಿ. ಆಮೇಲೆ ಅದೇ ನಡಿಗೆನ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಇನ್ನೊಂದ್ಸಲ ಮಾಡಿ. ಹಗಲಲ್ಲಿ ಕಾಣದೇ ಇರೋ ತೊಂದ್ರೆ ಅರ್ಧಕ್ಕರ್ಧ ಆವಾಗ ಕಾಲಿಗೆ ಸಿಗತ್ತೆ.

ಮೆಟ್ಲು ಅಳೆಯೋವಾಗ ಒಂದೊಂದು ಮೆಟ್ಲನ್ನೂ ಅಳೀರಿ, ಒಂದು ಅಳೆದು ಮಿಕ್ಕಿದ್ದೂ ಹಂಗೇ ಇರತ್ತೆ ಅನ್ಕೋಬೇಡಿ. ನಾನು ನೋಡಿದ ಒಂದು ಬಿಲ್ಡಿಂಗ್‌ನಲ್ಲಿ ನೆಲಮಹಡಿಗೆ ಹಳೇ ನೆಲದ ಮೇಲೇ ಎರಡು ಸಲ ಟೈಲ್ಸ್ ಕೂರಿಸಿದ್ರು. ಅದ್ರಿಂದ ಕೊನೇ ಮೆಟ್ಲಿನ ಎತ್ತರ ಬೇರೆ ಮೆಟ್ಲಿಗಿಂತ ಆರೇಳು ಸೆಂಟಿಮೀಟರ್ ಕಮ್ಮಿ ಆಗಿತ್ತು. ದಿನಾ ಓಡಾಡೋರಿಗೆ ಕಾಲಿಗೆ ಅಭ್ಯಾಸ, ಆದ್ರೆ ಹೊಸಬ್ರು ಇಳಿಯೋವಾಗ ಪ್ರತಿಸಲ ಅಲ್ಲೇ ಮುಗ್ಗರಿಸೋರು. ಹಿಂದೆ ಮೂವತ್ತು ಜನ ಇಳಿತಾ ಇರೋವಾಗ ಮುಂದಿನವರು ಅಲ್ಲಿ ಬಿದ್ರೆ ಏನಾಗತ್ತೆ ಅಂತ ಯೋಚ್ನೆ ಮಾಡಿ. ಒಂದೇ ಸಾಲಿನ ಮೆಟ್ಲುಗಳಲ್ಲಿ ಅತೀ ಎತ್ತರದ್ದಕ್ಕೂ ಅತೀ ಗಿಡ್ಡದ್ದಕ್ಕೂ 9.5 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರ್ಬಾರ್ದು ಅಂತ ಕೋಡ್ ಹೇಳೋದು ಸುಮ್ನೆ ಅಲ್ಲ. ಹೊಸ ಮೆಟ್ಲಿಗೆ ಎತ್ತರ 180 ಮಿ.ಮೀ. ಮೀರಬಾರ್ದು, ಕಾಲಿಡೋ ಜಾಗ ಕನಿಷ್ಠ 280 ಮಿ.ಮೀ. ಇರ್ಬೇಕು, ಇರೋ ಹಳೇ ಮೆಟ್ಲಿಗೆ ಎನ್‌ಎಫ್‌ಪಿಎ ಕೋಡ್ 205 ಮಿ.ಮೀ. ಎತ್ತರ, 230 ಮಿ.ಮೀ. ಅಗಲದವರೆಗೂ ಸ್ವಲ್ಪ ಸಡಿಲ ಬಿಡತ್ತೆ. ಅದಕ್ಕಿಂತ ಕಡಿದಾಗಿದ್ರೆ ಆ ಮೆಟ್ಲನ್ನ ಎಕ್ಸಿಟ್ ಲೆಕ್ಕಕ್ಕೆ ಹಿಡಿಯೋ ಮುಂಚೆ ಇಂಜಿನಿಯರ್ ಹತ್ರ ಕೂತು ಮಾತಾಡಿ.

ಇದೇ ಓಡಾಟದಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗಗಳನ್ನೂ ಹುಡುಕಿ. ಫಾಲ್ಸ್ ಸೀಲಿಂಗ್ ಮೇಲೆ ಏನಿದೆ, ಮರದ ನೆಲದ ಕೆಳಗೆ ಏನಿದೆ, ಮುಚ್ಚಿಹೋದ ಹೊಗೆಗೂಡು, ಹಳೇ ಪೈಪ್ ಡಕ್ಟು. ಅಂಗಡಿಯಲ್ಲಿ ಹತ್ತಿದ ಬೆಂಕಿ ಮೂರನೇ ಮಹಡಿಯಲ್ಲಿ ಮೊದಲು ಹೊಗೆಯಾಗಿ ಕಾಣಿಸ್ಕೊಳ್ಳೋದು ಇವುಗಳ ಮೂಲಕಾನೇ. ಅನುಮಾನ ಇದ್ದ ಕಡೆ ಒಂದು ಸಣ್ಣ ತೂತು ಹೊಡೆದು ಟಾರ್ಚ್ ಬಿಟ್ಟು ನೋಡಿ, ಹೇಗೂ ಪ್ಲಾಸ್ಟರ್ ಹೊಸದಾಗಿ ಮಾಡ್ತೀರಲ್ಲ.

ಹಂತ 2: ಯಾರು, ಎಷ್ಟು ಜನ, ಯಾವ ಹೊತ್ತಲ್ಲಿ

ಬಹಳ ಜನ ತಪ್ಪೋದು ಇಲ್ಲಿ. "ಈಗ ಹತ್ತು ಜನ ಇರೋದು ಸಾರ್" ಅಂತಾರೆ. ಲೆಕ್ಕ ಈಗ ಎಷ್ಟು ಜನ ಇದಾರೆ ಅನ್ನೋದ್ರ ಮೇಲೆ ನಡೆಯಲ್ಲ, ಆ ಜಾಗವನ್ನ ಯಾವ ಕೆಲ್ಸಕ್ಕೆ ಬಳಸ್ತೀರಿ ಅನ್ನೋದ್ರ ಮೇಲೆ ನಡೆಯತ್ತೆ.

ಒಂದು ಉದಾಹರಣೆ ಇಟ್ಕೊಳ್ಳೋಣ. 20 ಮೀಟರ್ ಉದ್ದ, 7.5 ಮೀಟರ್ ಅಗಲದ ಒಂದು ಮಹಡಿ, ಅಂದ್ರೆ 150 ಚದರ ಮೀಟರ್. ಅದು ಆಫೀಸಾದ್ರೆ ಒಬ್ಬರಿಗೆ ಸುಮಾರು 14 ಚ.ಮೀ. ಲೆಕ್ಕ, ಹನ್ನೊಂದು ಜನ ಆಯ್ತು. ಅದೇ ಮಹಡೀನ ಟ್ಯೂಷನ್ ಕ್ಲಾಸ್‌ಗೆ ಕೊಟ್ರೆ ಒಬ್ಬರಿಗೆ 1.9 ಚ.ಮೀ., ಒಟ್ಟು ಎಪ್ಪತ್ತೊಂಬತ್ತು ಜನ. ಟೇಬಲ್ ಕುರ್ಚಿ ಹಾಕಿ ಊಟದ ಹಾಲ್ ಮಾಡಿದ್ರೆ ಒಬ್ಬರಿಗೆ 1.4 ಚ.ಮೀ., ನೂರು ದಾಟತ್ತೆ. ಕ್ಲಾಸ್‌ರೂಮು, ಊಟದ ಹಾಲಿನ ಲೆಕ್ಕದಲ್ಲಿ ಗೋಡೆ, ಟಾಯ್ಲೆಟ್ ಎಲ್ಲ ಕಳೆದು ಉಳಿದ ಜಾಗ ಮಾತ್ರ ಹಿಡಿಯೋದು, ಹಾಗಾಗಿ ಇನ್ನೊಂದು ಸ್ವಲ್ಪ ಕಮ್ಮಿ ಆಗ್ಬಹುದು, ಆದ್ರೂ ಹನ್ನೊಂದಕ್ಕೂ ಎಪ್ಪತ್ತಕ್ಕೂ ಇರೋ ಅಂತರ ನೋಡಿ. ಗೋಡೆ ಅದೇ, ಮೆಟ್ಲು ಅದೇ, ಬದಲಾಗಿದ್ದು ಬಾಡಿಗೆ ಕರಾರು ಮಾತ್ರ. ಅದಕ್ಕೇ ಮುಂದಿನ ಹತ್ತು ವರ್ಷದಲ್ಲಿ ಆ ಮಹಡಿಗೆ ಯಾರ್ಯಾರು ಬರಬಹುದು ಅಂತ ಓನರ್ ಹತ್ರ ಈಗ್ಲೇ ಕೇಳಿ, ಅದ್ರಲ್ಲಿ ಅತೀ ಜಾಸ್ತಿ ಜನ ಬರೋ ಬಳಕೆಗೆ ಪ್ಲಾನ್ ಮಾಡಿ, ಇಲ್ಲಾಂದ್ರೆ ಇಂಥ ಬಳಕೆಗೆ ಈ ಮಹಡಿ ಕೊಡಲ್ಲ ಅಂತ ಕರಾರಲ್ಲೇ ಬರೆಸಿ.

ಹೊತ್ತು ಕೂಡ ಅಷ್ಟೇ ಮುಖ್ಯ. ಮಿಶ್ರ ಬಳಕೆಯ ಕಟ್ಟಡದಲ್ಲಿ ಅಪಾಯ ಇರೋದೇ ಎರಡು ಗಡಿಯಾರ ಬೇರೆ ಬೇರೆ ನಡೆಯೋದ್ರಲ್ಲಿ. ರಾತ್ರಿ ಅಂಗಡಿ ಶಟರ್ ಎಳೆದು ಬೀಗ ಹಾಕ್ಕೊಂಡು ಹೋಗ್ತಾರೆ, ಒಳಗೆ ಫ್ರಿಜ್ಜು, ಚಾರ್ಜರ್ರು, ರಟ್ಟಿನ ಡಬ್ಬಿ ಎಲ್ಲ ಇರತ್ತೆ, ಅದ್ರ ತಲೆ ಮೇಲೆ ಮಕ್ಕಳು ಮಲಗಿರ್ತಾರೆ. ಕೆಳಗೆ ಬೆಂಕಿ ಹತ್ತಿದ್ದು ನೋಡೋಕೆ ಯಾರೂ ಇಲ್ಲ. ಇವತ್ತಿನ ಫೋಮ್ ಸೋಫಾ, ಪ್ಲಾಸ್ಟಿಕ್ ಸಾಮಾನು ತುಂಬಿದ ರೂಮು ಎಷ್ಟು ಬೇಗ ಪೂರ್ತಿ ಹೊತ್ಕೊಳ್ಳತ್ತೆ ಅಂತ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಅನ್ನೋ ಅಮೆರಿಕದ ಸುರಕ್ಷತಾ ಪರೀಕ್ಷೆ ಸಂಸ್ಥೆಯವರು ಸುಟ್ಟು ನೋಡಿದಾರೆ, ಐದು ನಿಮಿಷದೊಳಗೆ. ಹಳೇ ಕಾಲದ ಮರ, ಹತ್ತಿ ಸಾಮಾನಿನ ರೂಮಿಗೆ ಸುಮಾರು ಅರ್ಧ ಗಂಟೆ ಹಿಡಿದಿತ್ತು. ನಿಮ್ಮ ಕಟ್ಟಡ ಹಳೇದಾದ್ರೂ ಒಳಗಿನ ಸಾಮಾನು ಇವತ್ತಿಂದು, ಟೈಮ್ ಲೆಕ್ಕ ಹಾಕೋದು ಸಾಮಾನಿಗೆ.

ಹಂತ 3: ಎಷ್ಟು ಎಕ್ಸಿಟ್, ಒಂದಕ್ಕೊಂದು ಎಷ್ಟು ದೂರ

ಸಾಮಾನ್ಯವಾಗಿ ಒಂದು ಜಾಗದಲ್ಲಿ ಐವತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಎರಡು ದಾರಿ ಬೇಕೇ ಬೇಕು. ಕಮ್ಮಿ ಜನ ಇದ್ರೂ ಮಹಡಿ ಜಾಸ್ತಿ ಇದ್ರೆ, ದಾರಿ ಉದ್ದ ಇದ್ರೆ ಆಗ್ಲೂ ಎರಡು ಬೇಕಾಗತ್ತೆ. ಚಿಕ್ಕ ಕಟ್ಟಡಕ್ಕೆ ಒಂದೇ ಮೆಟ್ಲು ಸಾಕು ಅಂತ ಕೆಲವು ಕಡೆ ನಿಯಮ ಒಪ್ಪತ್ತೆ, ಆವಾಗ ಆ ಒಂದು ಮೆಟ್ಲನ್ನ ನೀವು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಬೇಕು.

ಎರಡು ಎಕ್ಸಿಟ್ ಪಕ್ಕಪಕ್ಕದಲ್ಲೇ ಇಟ್ರೆ ಅದು ಒಂದೇ ಎಕ್ಸಿಟ್ ಲೆಕ್ಕ, ಒಂದೇ ಬೆಂಕಿ ಎರಡನ್ನೂ ಮುಚ್ಚತ್ತೆ. ಅಳೆಯೋ ವಿಧಾನ ಸುಲಭ. ಮಹಡಿಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಗೆರೆ ಎಳೀರಿ, ಅದ್ರ ಅರ್ಧದಷ್ಟಾದ್ರೂ ದೂರ ಎರಡು ಎಕ್ಸಿಟ್ ನಡುವೆ ಇರ್ಬೇಕು. ನಮ್ಮ ಉದಾಹರಣೆ ಮಹಡಿಗೆ ಓರೆ ಗೆರೆ 21.4 ಮೀಟರ್ ಬರತ್ತೆ, ಅಂದ್ರೆ 10.7 ಮೀಟರ್ ದೂರ ಬೇಕು. ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್ (ಬೆಂಕಿ ಶಾಖಕ್ಕೆ ಸೀಲಿಂಗಿಂದ ತಾನಾಗೇ ನೀರು ಚಿಮ್ಮಿಸೋದು) ಹಾಕಿದ್ರೆ ಮೂರರಲ್ಲಿ ಒಂದು ಭಾಗ ಸಾಕು, 7.1 ಮೀಟರ್. ಹಳೇ ಕಟ್ಟಡಗಳು ಹೆಚ್ಚಾಗಿ ಮುಂದೆ ಕಿರಿದು, ಹಿಂದಕ್ಕೆ ಉದ್ದ ಇರ್ತವೆ, ಹಾಗಾಗಿ ಒಂದು ಮೆಟ್ಲು ಮುಂದೆ, ಇನ್ನೊಂದು ಹಿಂದೆ ಅನ್ನೋದೇ ಒಳ್ಳೇ ಉತ್ತರ.

ಇನ್ನೆರಡು ದೂರ ನೋಡ್ಕೊಳ್ಳಿ. ಜನ ಎರಡು ದಾರಿಯಲ್ಲಿ ಒಂದನ್ನ ಆರಿಸ್ಕೊಳ್ಳೋ ಜಾಗಕ್ಕೆ ಬರೋ ಮುಂಚೆ ಒಂದೇ ದಾರೀಲಿ ಎಷ್ಟು ನಡೀಬೇಕು ಅನ್ನೋದು ಒಂದು, ಇದು ಸುಮಾರು 23 ಮೀಟರ್ ದಾಟ್ಬಾರ್ದು. ಇನ್ನೊಂದು ಕುರುಡು ಪ್ಯಾಸೇಜು, ಅಂದ್ರೆ ಹೋಗಿ ಗೋಡೆಗೆ ನಿಂತು ವಾಪಸ್ ಬರಬೇಕಾದ ಓಣಿ, ಇದು 6 ಮೀಟರ್ ಮೀರಬಾರ್ದು. ಹೊಗೆಯಲ್ಲಿ ಕುರುಡು ಪ್ಯಾಸೇಜಿಗೆ ಹೋದೋರು ವಾಪಸ್ ಬರೋದು ಕಷ್ಟ. ರಿನೊವೇಶನ್‌ನಲ್ಲಿ ರೂಮು ಒಡೆದು ಜೋಡಿಸೋವಾಗ ಇಂಥ ಓಣಿಗಳು ತಾವಾಗೇ ಹುಟ್ಕೊಳ್ತವೆ, ಆದ್ರಿಂದ ಪ್ರತಿಸಲ ಪ್ಲಾನ್ ಬದಲಾದಾಗ ಮತ್ತೆ ಅಳೀರಿ.

ಇನ್ನೊಂದು ಮಾತು, ಜನ ಬಂದ ದಾರೀಲೇ ವಾಪಸ್ ಹೋಗ್ತಾರೆ. 2003ರಲ್ಲಿ ಅಮೆರಿಕದ ರೋಡ್ ಐಲ್ಯಾಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ ಬೆಂಕಿ ಬಿದ್ದಾಗ ಬೇರೆ ಬಾಗಿಲು ಇದ್ರೂ ಹೆಚ್ಚಿನವರು ಒಳಗೆ ಬಂದ ಮುಂಬಾಗಿಲಿಗೇ ಓಡಿದ್ರು, ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಮುಚ್ಚಿಹೋಯ್ತು, ನೂರು ಜನ ಸತ್ರು. ಅದಕ್ಕೇ ಹಿಂದಿನ ಎಕ್ಸಿಟ್ಟನ್ನ ಬರೀ ಬೆಂಕಿಗೆ ಅಂತ ಮುಚ್ಚಿ ಇಡಬೇಡಿ. ದಿನಾ ಬಳಸೋ ಮೆಟ್ಲೇ ಆಗ್ಲಿ, ಕಸ ಇಡೋಕೆ ಹೋಗೋರು, ಸೈಕಲ್ ಇಡೋರು ಆ ಕಡೆಯಿಂದ ಓಡಾಡ್ಲಿ. ಕಾಲಿಗೆ ಗೊತ್ತಿರೋ ದಾರಿ ಹೊಗೆಯಲ್ಲೂ ಗೊತ್ತಿರತ್ತೆ.

ಹಂತ 4: ಮೆಟ್ಲನ್ನ ಪೆಟ್ಟಿಗೆಯೊಳಗೆ ಇಡಿ

ಇಡೀ ಬಜೆಟ್‌ನಲ್ಲಿ ಒಂದೇ ಒಂದು ಕೆಲ್ಸಕ್ಕೆ ದುಡ್ಡಿದೆ ಅಂದ್ರೆ ನಾನು ಇದಕ್ಕೇ ಹಾಕಿ ಅಂತೀನಿ.

ಹಳೇ ಕಟ್ಟಡದಲ್ಲಿ ಮೆಟ್ಲು ಬಯಲಾಗಿರತ್ತೆ, ನಡುವೆ ತೆರೆದ ಬಾವಿ ಥರ, ನೋಡೋಕೆ ಚಂದ. ಬೆಂಕಿ ಬಿದ್ದಾಗ ಅದೇ ಹೊಗೆಗೂಡು. ಬಿಸಿ ಹೊಗೆ ಮೇಲಕ್ಕೇ ಹೋಗೋದು, ಕೆಳಗಿನ ಹೊಗೆ ಮೇಲಿನ ಮಹಡಿ ಪ್ಯಾಸೇಜಿನ ಸೀಲಿಂಗಿಗೆ ಬಂದು ತುಂಬ್ತಾ ಕೆಳಗಿಳಿಯತ್ತೆ. ಅದಕ್ಕೆ ಮೆಟ್ಲಿನ ಸುತ್ತ ಬೆಂಕಿ ತಡೆಯೋ ಗೋಡೆ ಕಟ್ಟಿ, ಪ್ರತಿ ಮಹಡಿಯಲ್ಲೂ ತಾನಾಗೇ ಮುಚ್ಚೋ ಫೈರ್ ಡೋರ್ ಕೂರಿಸ್ಬೇಕು. ಮೂರು ಮಹಡಿವರೆಗೆ ಒಂದು ಗಂಟೆ ತಡೆಯೋ ಗೋಡೆ, ನಾಲ್ಕು ಮತ್ತೆ ಅದಕ್ಕಿಂತ ಜಾಸ್ತಿ ಆದ್ರೆ ಎರಡು ಗಂಟೆ. ಇಟ್ಟಿಗೆ ಗೋಡೆ ಇದ್ರೆ ಹೆಚ್ಚಿನ ಕೆಲ್ಸ ಆಗ್ಲೇ ಆಗಿರತ್ತೆ, ತೂತು ಮುಚ್ಚಿದ್ರೆ ಸಾಕು. ಮರದ ಚೌಕಟ್ಟಿನ ಗೋಡೆ ಆದ್ರೆ 16 ಮಿ.ಮೀ. ಟೈಪ್ ಎಕ್ಸ್ (ಬೆಂಕಿ ಜಾಸ್ತಿ ಹೊತ್ತು ತಡೆಯೋ ಥರದ) ಜಿಪ್ಸಂ ಬೋರ್ಡ್ ಎರಡೂ ಕಡೆ ಒಂದೊಂದು ಪದರ, ಟೆಸ್ಟ್ ಆಗಿರೋ ಡೀಟೇಲ್‌ನಲ್ಲಿ ಹೇಳಿದ ಹಾಗೇ ಸ್ಕ್ರೂ ಅಂತರ ಇಟ್ಟು ಜಾಯಿಂಟ್ ಮುಚ್ಚಿ ಹಾಕಿದ್ರೆ ಒಂದು ಗಂಟೆ ಬರತ್ತೆ. ಮಾಮೂಲಿ ಬೋರ್ಡ್ ಹಾಕಿ "ಎರಡೂ ಒಂದೇ ಸಾರ್, ನೋಡೋಕೆ ಹಂಗೇ ಇದೆ" ಅನ್ನೋ ಕಾಂಟ್ರಾಕ್ಟರ್ ಮಾತು ಕೇಳಬೇಡಿ, ಬೋರ್ಡಿನ ಹಿಂದೆ ಪ್ರಿಂಟ್ ಆಗಿರೋದನ್ನ ಮುಚ್ಚೋ ಮುಂಚೆ ಫೋಟೋ ತೆಗೆದಿಟ್ಕೊಳ್ಳಿ.

ಮೆಟ್ಲಿನ ಹೊಟ್ಟೆಭಾಗ ಮರೀಬೇಡಿ. ಮರದ ಮೆಟ್ಲಾದ್ರೆ ಕೆಳಗಡೆಯಿಂದಲೂ ಬೋರ್ಡ್ ಹೊಡೀಬೇಕು, ಇಲ್ಲಾಂದ್ರೆ ಸುತ್ತ ಗೋಡೆ ಗಟ್ಟಿ, ಕಾಲಿಡೋ ಹಲಗೆ ಉರಿದು ಹೋಗತ್ತೆ. ಮೆಟ್ಲು ಕೆಳಗಿನ ಜಾಗವನ್ನ ಸ್ಟೋರ್ ಮಾಡೋದು ಬೇಡವೇ ಬೇಡ. ಸ್ಕೂಟರ್ ಚಾರ್ಜಿಂಗ್, ಇನ್ವರ್ಟರ್ ಬ್ಯಾಟರಿ, ಮೀಟರ್ ಬೋರ್ಡು ಯಾವುದೂ ಆ ಪೆಟ್ಟಿಗೆಯೊಳಗೆ ಇರ್ಬಾರ್ದು. ಲಿಥಿಯಂ ಬ್ಯಾಟರಿ ಹೊತ್ಕೊಂಡ್ರೆ ಅದನ್ನ ಆರಿಸೋದು ಬಹಳ ಕಷ್ಟ, ವಿಷದ ಹೊಗೆ ಬೇರೆ, ಅದೂ ಎಲ್ಲರೂ ಇಳಿದು ಬರೋ ಮೆಟ್ಲ ಬುಡದಲ್ಲೇ. ಮೀಟರ್ ಬೋರ್ಡು ಆಗ್ಲೇ ಅಲ್ಲಿದ್ರೆ ರಿನೊವೇಶನ್ ಹೊತ್ತಲ್ಲೇ ಬೇರೆ ಕಡೆ ಶಿಫ್ಟ್ ಮಾಡ್ಸಿ, ಮತ್ತೆ ಇಂಥ ಅವಕಾಶ ಸಿಗಲ್ಲ.

ಪೈಪು, ಕೇಬಲ್ ಗೋಡೆ ದಾಟೋ ಕಡೆ ಸುತ್ತ ಉಳಿಯೋ ಸಂದಿಗೆ ಫೈರ್‌ಸ್ಟಾಪ್ ಸೀಲಂಟ್ ಹಾಕ್ಬೇಕು. ಎಲ್ಲ ಕಡೆ ಸ್ಪ್ರೇ ಮಾಡೋ ಹಳದಿ ಫೋಮ್ ಅದಲ್ಲ, ಅದು ತಾನೇ ಉರಿಯತ್ತೆ. ಪ್ಲಾಸ್ಟಿಕ್ ಪೈಪ್ ಆದ್ರೆ ಬಿಸಿಗೆ ಕರಗಿ ತೂತು ಬಿಡತ್ತೆ, ಅದಕ್ಕೆ ಸುತ್ತ ಫೈರ್ ಕಾಲರ್ ಬೇಕು, ಅದು ಶಾಖಕ್ಕೆ ಉಬ್ಬಿ ಪೈಪನ್ನ ಹಿಸುಕಿ ಮುಚ್ಚತ್ತೆ. ಪ್ಲಂಬರ್, ಎಲೆಕ್ಟ್ರಿಷಿಯನ್, ಇಂಟರ್ನೆಟ್‌ನವರು ಎಲ್ಲ ಬಂದು ಹೋದ್ಮೇಲೆ ಕೊನೇಲಿ ಇನ್ನೊಂದ್ಸಲ ಟಾರ್ಚ್ ಹಿಡಿದು ಸುತ್ತಿ.

ಹಂತ 5: ಅಂಗಡಿಗೂ ಮೆಟ್ಲಿಗೂ ಸಂಬಂಧ ಕಡೀರಿ

ಮೇಲಿನವರ ಮೆಟ್ಲು ಅಂಗಡಿಯೊಳಗೆ ಇಳಿಯೋ ಹಾಗಿದ್ರೆ ಮೊದಲು ಅದನ್ನ ಬದಲಾಯಿಸಿ, ಬೇರೆ ಏನೇ ಆದ್ರೂ ಆಮೇಲೆ. ಅಂಗಡಿಯ ಒಂದು ಪಕ್ಕದಲ್ಲಿ ಓಣಿಯಷ್ಟು ಜಾಗ ಕತ್ತರಿಸಿ, ಗೋಡೆ ಎಬ್ಬಿಸಿ, ಮೆಟ್ಲಿನಿಂದ ನೇರ ರಸ್ತೆಗೆ ಪ್ಯಾಸೇಜ್ ಮಾಡ್ಬೇಕು. ಅಂಗಡಿಯವರಿಗೆ ಒಂದೂವರೆ ಮೀಟರ್ ಮುಂಭಾಗ ಹೋಗತ್ತೆ, ಜಗಳ ಆಗತ್ತೆ, ಗೊತ್ತು. ಆದ್ರೂ ಇದ್ರಲ್ಲಿ ರಾಜಿ ಬೇಡ. ಈ ಪ್ಯಾಸೇಜಿನ ಗೋಡೆ ಸೀಲಿಂಗ್ ಎರಡೂ ಮೆಟ್ಲಿನ ಪೆಟ್ಟಿಗೆಯಷ್ಟೇ ಗಂಟೆ ತಡೀಬೇಕು. ಫಾಲ್ಸ್ ಸೀಲಿಂಗ್‌ವರೆಗೆ ಗೋಡೆ ನಿಲ್ಲಿಸಿದ್ರೆ ಪ್ರಯೋಜನ ಇಲ್ಲ, ಮೇಲಿನ ಸ್ಲ್ಯಾಬ್ ಅಥವಾ ತೊಲೆವರೆಗೂ ಹೋಗಿ ತಾಗ್ಬೇಕು. ಅಂಗಡಿಯಿಂದ ಪ್ಯಾಸೇಜಿಗೆ ಅನುಕೂಲಕ್ಕೆ ಅಂತ ಕಿಟಕಿ, ಸೈಡ್ ಡೋರ್ ಇಡೋದು ಬೇಡ.

ಅಂಗಡಿಗೂ ಮೇಲಿನ ಮಹಡಿಗೂ ನಡುವಿನ ನೆಲ ಕೂಡ ಬೆಂಕಿ ತಡೀಬೇಕು, ಬಳಕೆ ಏನು ಅನ್ನೋದ್ರ ಮೇಲೆ ಒಂದೋ ಎರಡೋ ಗಂಟೆ. ಕೆಳಗೆ ಅಡುಗೆಮನೆ ಇರೋ ಹೋಟೆಲ್ ಆದ್ರೆ ಚಿಮಣಿ ಡಕ್ಟ್ ಎಲ್ಲಿಂದ ಮೇಲೆ ಹೋಗತ್ತೆ ಅಂತ ಮೊದಲು ನೋಡಿ. ಒಳಗೆ ಜಿಡ್ಡು ಕಟ್ಟಿದ ಆ ಡಕ್ಟ್ ಬೆಂಕಿಗೆ ಬತ್ತಿ ಇದ್ದ ಹಾಗೆ, ಅದು ಮೆಟ್ಲ ಪೆಟ್ಟಿಗೆಯೊಳಗೆ ಯಾವ ಕಾರಣಕ್ಕೂ ಹೋಗ್ಬಾರ್ದು.

ಹಂತ 6: ಬಾಗಿಲು

1903ರಲ್ಲಿ ಶಿಕಾಗೋದ ಇರೊಕ್ವಾ ಥಿಯೇಟರ್‌ನಲ್ಲಿ 600ಕ್ಕೂ ಹೆಚ್ಚು ಜನ ಸತ್ರು, ಒಳಗಡೆಗೆ ತೆಗೆಯೋ ಬಾಗಿಲು, ಪರದೆ ಹಿಂದೆ ಮುಚ್ಚಿಹೋದ ಬಾಗಿಲು, ಹೇಗೆ ತೆಗೀಬೇಕು ಅಂತಾನೇ ಗೊತ್ತಾಗದ ಚಿಲಕ. 1911ರಲ್ಲಿ ನ್ಯೂಯಾರ್ಕ್‌ನ ಟ್ರೈಯಾಂಗಲ್ ಶರ್ಟ್‌ವೇಸ್ಟ್ ಫ್ಯಾಕ್ಟರಿಯಲ್ಲಿ ಮೆಟ್ಲ ಬಾಗಿಲಿಗೆ ಬೀಗ ಹಾಕಿತ್ತು, ಹೊರಗಿನ ಕಬ್ಬಿಣದ ಮೆಟ್ಲು ಭಾರಕ್ಕೆ ಕುಸಿದುಬಿತ್ತು, 146 ಜನ. ಇವತ್ತು ಬಾಗಿಲಿನ ಬಗ್ಗೆ ಇರೋ ಒಂದೊಂದು ನಿಯಮದ ಹಿಂದೂ ಇಂಥದ್ದೇ ಸಾವುಗಳಿವೆ.

ಐವತ್ತು ಜನ ಅಥವಾ ಜಾಸ್ತಿ ಬಳಸೋ ಬಾಗಿಲು ಹೊರಗೆ ಹೋಗೋ ದಿಕ್ಕಿಗೇ ತೆಗೀಬೇಕು. ತೆಗೆದಾಗ ಸಿಗೋ ಅಗಲ ಕನಿಷ್ಠ 813 ಮಿ.ಮೀ., ಚೌಕಟ್ಟಿನ ಅಳತೆ ಅಲ್ಲ, ಬಾಗಿಲು ಪೂರ್ತಿ ತೆಗೆದ್ಮೇಲೆ ನಿಜವಾಗ್ಲೂ ಉಳಿಯೋ ಜಾಗ. ಮೆಟ್ಲಿನ ಅಗಲ ಐವತ್ತಕ್ಕಿಂತ ಕಮ್ಮಿ ಜನಕ್ಕೆ 914 ಮಿ.ಮೀ., ಜಾಸ್ತಿ ಇದ್ರೆ 1118. ಬಾಗಿಲು ತೆಗೆದು ನಿಂತಾಗ ಲ್ಯಾಂಡಿಂಗ್ ದಾರಿಗೆ 178 ಮಿ.ಮೀ.ಗಿಂತ ಜಾಸ್ತಿ ಅಡ್ಡ ಬರಬಾರ್ದು. ಹಳೇ ಕಟ್ಟಡದ ಲ್ಯಾಂಡಿಂಗ್ ಚಿಕ್ಕದು, ಹೊಸ ಫೈರ್ ಡೋರ್ ಅಗಲ ಇರತ್ತೆ, ಇಳಿದು ಬರ್ತಾ ಇರೋರ ಮುಖಕ್ಕೆ ಬಾಗಿಲು ಹೊಡೆಯೋ ಹಾಗೆ ಆಗಿಬಿಡತ್ತೆ. ನೆಲದ ಮೇಲೆ ಚಾಕ್‌ಪೀಸಲ್ಲಿ ಬಾಗಿಲು ತಿರುಗೋ ಅರ್ಧಚಂದ್ರ ಬರೆದು, ಇನ್ನೊಬ್ಬರನ್ನ ಮೇಲಿಂದ ಇಳಿಯೋಕೆ ಹೇಳಿ ನೋಡಿ, ಐದು ನಿಮಿಷದ ಕೆಲ್ಸ, ಡ್ರಾಯಿಂಗ್‌ನಲ್ಲಿ ಕಾಣದ್ದು ಕಾಣತ್ತೆ.

ಒಳಗಿಂದ ಕೀಲಿ ಇಲ್ಲದೇ, ಒಂದೇ ಸಲಕ್ಕೆ, ಕತ್ತಲಲ್ಲೂ ತೆಗೆಯೋಕೆ ಬರಬೇಕು. ಚಿಲಕ ಬಿಡಿಸೋಕೆ ಸುಮಾರು 67 ನ್ಯೂಟನ್, ಅಂದ್ರೆ ಹತ್ತಿರ ಹತ್ತಿರ ಏಳು ಕೆಜಿ ಭಾರದಷ್ಟು ಒತ್ತಿದ್ರೆ ಸಾಕಾಗ್ಬೇಕು. ಜನ ಜಾಸ್ತಿ ಸೇರೋ ಕಡೆ ಪ್ಯಾನಿಕ್ ಬಾರ್ (ಬಾಗಿಲಿಗೆ ಅಡ್ಡಲಾಗಿರೋ ತಳ್ಳೋ ಪಟ್ಟಿ) ಹಾಕ್ಸಿ, ಮೈ ತಾಗಿದ್ರೂ ತೆಗೆಯತ್ತೆ. ಕಳ್ಳರ ಭಯಕ್ಕೆ ಬೀಗ ಹಾಕ್ತೀವಿ ಅನ್ನೋದು ನ್ಯಾಯವಾದ ಮಾತೇ, ಅದಕ್ಕೆ ದಾರಿ ಇದೆ: ಹೊರಗಿಂದ ಕೀಲಿ ಬೇಕು, ಒಳಗಿಂದ ಬೇಡ ಅನ್ನೋ ಲಾಕು, ತೆಗೆದ್ರೆ ಕೂಗೋ ಡೋರ್ ಅಲಾರ್ಮು. ಎಲೆಕ್ಟ್ರಿಕ್ ಲಾಕ್ ಆದ್ರೆ ಕರೆಂಟ್ ಹೋದಾಗ್ಲೂ ಅಲಾರ್ಮ್ ಹೊಡೆದಾಗ್ಲೂ ತಾನಾಗೇ ಬಿಟ್ಕೊಳ್ಳೋ ಥರದ್ದೇ ಹಾಕ್ಸಿ. ಮನೆ ಕಿಟಕಿಗೆ ಗ್ರಿಲ್ ಇದ್ರೆ ಮಲಗೋ ರೂಮಿನ ಒಂದಾದ್ರೂ ಕಿಟಕಿಗೆ ಒಳಗಿಂದ ಬಿಚ್ಚೋ ಗ್ರಿಲ್ ಇರ್ಲಿ, ಅದ್ರಿಂದ ಒಬ್ಬರು ನುಸುಳೋಕೆ 0.53 ಚದರ ಮೀಟರ್ ಖಾಲಿ ಜಾಗ ಬೇಕು.

ಫೈರ್ ಡೋರ್ ಅಂದ್ರೆ ಬಾಗಿಲು, ಚೌಕಟ್ಟು, ಕೀಲು, ಕ್ಲೋಸರ್ (ಬಾಗಿಲನ್ನ ತಾನಾಗೇ ಎಳೆದು ಮುಚ್ಚೋದು), ಅಂಚಿನ ಪಟ್ಟಿ ಎಲ್ಲ ಸೇರಿ ಒಂದು ಸೆಟ್ಟು. ಒಳ್ಳೇ ಬಾಗಿಲು ತಂದು ಹಳೇ ಸೊಟ್ಟ ಚೌಕಟ್ಟಿಗೆ ಸಿಕ್ಕಿಸಿದ್ರೆ ಸುತ್ತ ಬೆರಳು ಹೋಗೋ ಸಂದಿ ಉಳಿಯತ್ತೆ. ಇರಬೇಕಾದ್ದು ಸುಮಾರು 3 ಮಿ.ಮೀ. ಅಂಚಲ್ಲಿರೋ ಇಂಟ್ಯುಮೆಸೆಂಟ್ ಪಟ್ಟಿ ಶಾಖಕ್ಕೆ ಉಬ್ಬಿ ಸಂದಿ ಮುಚ್ಚೋದು ಆಮೇಲೆ, ತಣ್ಣನೆ ಹೊಗೆ ಮೊದ್ಲೇ ನುಗ್ಗತ್ತೆ, ಅದಕ್ಕೆ ಸ್ಮೋಕ್ ಸೀಲ್ ಬ್ರಶ್ಶೋ ರಬ್ಬರ್ರೋ ಬೇರೆ ಬೇಕು. ಪೇಂಟರ್‌ಗಳು ಈ ಪಟ್ಟಿ ಮೇಲೆ ದಪ್ಪ ಪೇಂಟ್ ಬಳಿದು ಹಾಳು ಮಾಡ್ತಾರೆ, ಮೊದ್ಲೇ ಹೇಳಿಬಿಡಿ. ಕ್ಲೋಸರ್ ಅಂತೂ ಪ್ರಾಣ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತಾಗ ಅಲ್ಲಿದ್ದಿದ್ದು ಒಂದೇ ಮೆಟ್ಲು, ಎಷ್ಟೋ ಮನೆ ಬಾಗಿಲುಗಳು ತಾವಾಗೇ ಮುಚ್ಕೊಳ್ಳದೇ ಹೊಗೆ ಹೊರಗೆ ಹರಡಿತ್ತು. ಗಾಳಿ ಬರ್ಲಿ ಅಂತ ಫೈರ್ ಡೋರ್‌ಗೆ ಕಲ್ಲು ಕೊಟ್ಟು ನಿಲ್ಸೋದು ಎಲ್ಲ ಕಡೆ ಇರೋ ಅಭ್ಯಾಸ, ಬೈದ್ರೆ ಬಿಡಲ್ಲ. ತೆಗೆದಿಡಲೇ ಬೇಕಾದ ಬಾಗಿಲಿಗೆ ಮ್ಯಾಗ್ನೆಟ್ ಹೋಲ್ಡರ್ ಹಾಕ್ಸಿ, ಅಲಾರ್ಮ್ ಬಂದ ತಕ್ಷಣ ಬಿಟ್ಟು ಬಾಗಿಲು ಮುಚ್ಕೊಳ್ಳತ್ತೆ.

ಹಂತ 7: ಎರಡನೇ ಮೆಟ್ಲು ಎಲ್ಲಿಂದ ತರೋದು

ಜಾಗ ಇಲ್ಲ ಅನ್ನೋದೇ ಹಳೇ ಕಟ್ಟಡದ ದೊಡ್ಡ ಗೋಳು. ಹಿಂದುಗಡೆ ಒಂದು ರೂಮಿನಷ್ಟು ಜಾಗವನ್ನ ಎಲ್ಲ ಮಹಡಿಯಲ್ಲೂ ಬಿಟ್ಟು ಒಳಗೇ ಹೊಸ ಮೆಟ್ಲು ಕಟ್ಟೋದು ನನ್ನ ಮೊದಲ ಆಯ್ಕೆ. ಬಾಡಿಗೆ ಜಾಗ ಹೋಗತ್ತೆ, ಆದ್ರೆ ಮಳೆ ಬಿಸಿಲು ತಾಗಲ್ಲ, ದಿನಾ ಬಳಸಬಹುದು.

ಹೊರಗಡೆ ಹಳೇ ಕಬ್ಬಿಣದ ಮೆಟ್ಲು ಆಗ್ಲೇ ಇದ್ರೆ ಅದಕ್ಕೆ ಪೇಂಟ್ ಹೊಡೆದು ಎಕ್ಸಿಟ್ ಅಂತ ಬರೀಬೇಡಿ. ಮೆಟ್ಲು ನೋಡೋಕೆ ಗಟ್ಟಿ ಇದ್ರೂ ಗೋಡೆಯೊಳಗೆ ಹುದುಗಿರೋ ಬೋಲ್ಟು ತುಕ್ಕು ತಿಂದಿರತ್ತೆ, ಗೋಡೆ ಹತ್ರ ಕಂದು ನೀರಿನ ಕಲೆ ಇಳಿದಿದ್ರೆ ಅದೇ ಸುಳಿವು. ಇಂಜಿನಿಯರ್ ಕೈಲಿ ಲೋಡ್ ಟೆಸ್ಟ್ ಮಾಡ್ಸಿ. ಆ ಮೆಟ್ಲು ಯಾವ ಕಿಟಕಿ ಮುಂದೆ ಹಾದುಹೋಗತ್ತೆ ಅಂತನೂ ನೋಡಿ, ಕೆಳಗಿನ ಕಿಟಕಿಯಿಂದ ಜ್ವಾಲೆ ಬಂದ್ರೆ ಮೇಲಿನವರು ಅದ್ರ ಮೇಲೆ ಇಳಿಯೋಕಾಗಲ್ಲ. ಮೂರು ಮೀಟರ್ ಒಳಗಿರೋ ಕಿಟಕಿ ಬಾಗಿಲುಗಳಿಗೆ ಬೆಂಕಿ ತಡೆಯೋ ಗಾಜೋ ಶಟರ್ರೋ ಬೇಕು. ಇಂಟರ್‌ನ್ಯಾಷನಲ್ ಕೋಡ್ ಇಂಥ ಹಳೇ ಫೈರ್ ಎಸ್ಕೇಪನ್ನ ಬೇಕಾದ ಎಕ್ಸಿಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲೆಕ್ಕಕ್ಕೆ ಹಿಡಿಯಲ್ಲ, ಹೊಸ ಕಟ್ಟಡಕ್ಕಂತೂ ಒಪ್ಪೋದೇ ಇಲ್ಲ.

ಟೆರೇಸಿನಿಂದ ಪಕ್ಕದ ಬಿಲ್ಡಿಂಗ್‌ಗೆ ದಾಟೋ ದಾರಿ ಕೆಲವು ಕಡೆ ಆಗತ್ತೆ. ಪಕ್ಕದವರ ಬಾಯಿಮಾತಿನ ಒಪ್ಪಿಗೆ ಸಾಲದು, ಅವ್ರು ಮಾರಿದ್ರೆ ಹೊಸಬರು ಗೋಡೆ ಎಬ್ಬಿಸ್ತಾರೆ, ರಿಜಿಸ್ಟರ್ ಆದ ಹಕ್ಕು ಬೇಕು. ಲಿಫ್ಟನ್ನ ಎಕ್ಸಿಟ್ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ವೀಲ್‌ಚೇರ್‌ನಲ್ಲಿ ಇರೋರು, ವಯಸ್ಸಾದೋರು ಕಾಯೋಕೆ ಮೆಟ್ಲ ಪೆಟ್ಟಿಗೆಯೊಳಗೇ ಲ್ಯಾಂಡಿಂಗ್ ಪಕ್ಕ 760 ಮಿ.ಮೀ. ಅಗಲ 1220 ಮಿ.ಮೀ. ಉದ್ದದ ಜಾಗ ಬಿಡಿ, ಇಳಿಯೋರಿಗೆ ಅಡ್ಡ ಆಗದ ಹಾಗೆ, ಅಲ್ಲಿಂದ ಕೆಳಗಿನವರ ಜೊತೆ ಮಾತಾಡೋಕೆ ಒಂದು ಇಂಟರ್‌ಕಾಮ್ ಇರ್ಲಿ.

ಎಷ್ಟು ಯೋಚಿಸಿದ್ರೂ ಎರಡನೇ ಮೆಟ್ಲಿಗೆ ಜಾಗ ಬರ್ಲಿಲ್ಲ, ಅಥವಾ ಪಾರಂಪರಿಕ ಕಟ್ಟಡ, ಮುಟ್ಟೋ ಹಾಗಿಲ್ಲ ಅಂದ್ರೆ ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್, ಎಲ್ಲ ಕಡೆ ಸ್ಮೋಕ್ ಡಿಟೆಕ್ಟರ್, ಗಟ್ಟಿ ಮೆಟ್ಲ ಪೆಟ್ಟಿಗೆ ಮೂರನ್ನೂ ಸೇರಿಸಿ ಫೈರ್ ಡಿಪಾರ್ಟ್‌ಮೆಂಟ್ ಮುಂದಿಡಿ. ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಅವರು ಒಪ್ಪದಿದ್ರೆ ಜನರನ್ನ ಕಮ್ಮಿ ಮಾಡಿ, ಮೇಲಿನ ಮಹಡಿಗೆ ಟ್ಯೂಷನ್ ಹಾಲ್ ಆಸೆ ಬಿಡಿ.

ಹಂತ 8: ಅಲಾರ್ಮ್, ಬೆಳಕು

ಅಂಗಡಿಯ ಡಿಟೆಕ್ಟರ್ ಅಂಗಡಿಯೊಳಗೆ ಮಾತ್ರ ಕೂಗಿದ್ರೆ ರಾತ್ರಿ ಯಾರಿಗೆ ಕೇಳತ್ತೆ? ಎಲ್ಲ ಮಹಡಿಯ ಡಿಟೆಕ್ಟರ್ ಒಂದಕ್ಕೊಂದು ಕನೆಕ್ಟ್ ಆಗಿರ್ಬೇಕು, ಎಲ್ಲಿ ಹೊಗೆ ಬಂದ್ರೂ ಎಲ್ಲ ಕಡೆ ಕೂಗ್ಬೇಕು. ಮಲಗೋ ರೂಮಲ್ಲಿ ಬಾಗಿಲು ಮುಚ್ಚಿದ್ದಾಗ ದಿಂಬಿನ ಹತ್ರ 75 ಡೆಸಿಬೆಲ್ ಬರಬೇಕು, ಫೋನ್ ಆ್ಯಪಲ್ಲಾದ್ರೂ ಅಳೆದು ನೋಡಿ, ಕಮ್ಮಿ ಬಂದ್ರೆ ಸರಿಯಾದ ಮೀಟರ್ ತರಿಸಿ. 520 ಹರ್ಟ್ಜ್ ದಪ್ಪ ದನಿಯ ಸೌಂಡರ್ ಮಕ್ಕಳನ್ನೂ ಕಿವಿ ಮಂದ ಇರೋರನ್ನೂ ಕೀರಲು ದನಿಗಿಂತ ಚೆನ್ನಾಗಿ ಎಬ್ಬಿಸತ್ತೆ.

ಎಮರ್ಜೆನ್ಸಿ ಲೈಟು ಕರೆಂಟ್ ಹೋದ್ಮೇಲೆ ತೊಂಬತ್ತು ನಿಮಿಷ ಉರೀಬೇಕು, ನೆಲದ ಮೇಲೆ ಸರಾಸರಿ 10 ಲಕ್ಸ್ ಆಸುಪಾಸು ಬೆಳಕು. ಮೆಟ್ಲ ತಿರುವು, ಬಾಗಿಲ ಮುಂದೆ, ಹೊರಗಿನ ಓಣಿ, ಈ ಮೂರು ಕಡೆ ಮರೆಯೋದು ಜಾಸ್ತಿ. ಎಕ್ಸಿಟ್ ಬೋರ್ಡಲ್ಲಿ ಓಡೋ ಮನುಷ್ಯನ ಹಸಿರು ಚಿತ್ರ ಇರ್ಲಿ, ಓದೋಕೆ ಬರದವರಿಗೂ ಅರ್ಥ ಆಗತ್ತೆ. ಹೊಗೆ ಮೇಲೆ ತುಂಬ್ಕೊಂಡಾಗ ಬಾಗಿಲ ಮೇಲಿನ ಬೋರ್ಡು ಕಾಣಲ್ಲ, ಅದಕ್ಕೆ ಮೆಟ್ಲ ಅಂಚಿಗೆ, ಗೋಡೆ ಬುಡಕ್ಕೆ ಕತ್ತಲಲ್ಲಿ ಹೊಳೆಯೋ ಪಟ್ಟಿ ಅಂಟಿಸೋದು ಕಮ್ಮಿ ಖರ್ಚಿನ ಒಳ್ಳೇ ಕೆಲ್ಸ.

ಹಂತ 9: ಬಾಗಿಲಾಚೆ

ಹಿಂದಿನ ಬಾಗಿಲು ತೆಗೆದ್ರೆ ಏನಿದೆ? ಕಾಂಪೌಂಡಾ, ಅದಕ್ಕೆ ಗೇಟಾ, ಗೇಟಿಗೆ ಬೀಗಾನಾ? ನಾಲ್ಕು ಕಡೆ ಗೋಡೆ ಇರೋ ಅಂಗಳಕ್ಕೆ ಜನರನ್ನ ತಂದು ನಿಲ್ಸಿದ್ರೆ ಅವರು ಎಕ್ಸಿಟ್ ಆಗಿಲ್ಲ, ಇನ್ನೊಂದು ಬೋನಿಗೆ ಬಂದಿದಾರೆ ಅಷ್ಟೇ. ಮೆಟ್ಲಿನಷ್ಟೇ ಅಗಲದ ದಾರಿ ಸಾರ್ವಜನಿಕ ರಸ್ತೆವರೆಗೂ ಬೇಕು. ಅಂಗಡಿಗೆ ಮಾಲು ಇಳಿಸೋ ಗಾಡಿ ದಿನಾ ಆ ಬಾಗಿಲ ಮುಂದೆ ನಿಲ್ಲತ್ತಾ ನೋಡಿ, ನಿಲ್ಲತ್ತೆ ಅಂದ್ರೆ ನೆಲಕ್ಕೆ ಹಳದಿ ಪೇಂಟ್ ಸಾಲಲ್ಲ, ಗಾಡಿ ಬರದ ಹಾಗೆ ಕಂಬ ನೆಡ್ಸಿ, ಜನ ನಡೆಯೋಷ್ಟು ಸಂದಿ ಬಿಟ್ಟು.

ಹಂತ 10: ಕೆಲ್ಸ ನಡೆಯೋವಾಗ

ಜನ ವಾಸ ಇರೋವಾಗ್ಲೇ ರಿನೊವೇಶನ್ ನಡೆಯತ್ತೆ ಅಂದ್ರೆ ಅದೇ ಅತೀ ಅಪಾಯದ ಕಾಲ. ಡಿಟೆಕ್ಟರ್‌ಗೆ ಧೂಳು ಹೋಗತ್ತೆ ಅಂತ ಕವರ್ ಹಾಕಿರ್ತಾರೆ, ಮೆಟ್ಲ ಮೇಲೆ ಸಿಮೆಂಟ್ ಚೀಲ ಇರತ್ತೆ, ವೆಲ್ಡಿಂಗ್ ನಡೀತಿರತ್ತೆ. ಎರಡು ಮೆಟ್ಲನ್ನೂ ಒಟ್ಟಿಗೆ ಕೆಡವಬೇಡಿ, ಹೊಸದು ಪೂರ್ತಿ ಬಳಕೆಗೆ ಬಂದ್ಮೇಲೆ ಹಳೇದಕ್ಕೆ ಕೈ ಹಾಕಿ. ಕವರ್ ಸಂಜೆ ತೆಗೀಬೇಕು, ಅದಕ್ಕೆ ಒಬ್ಬರನ್ನ ಹೆಸರು ಹಿಡಿದು ಜವಾಬ್ದಾರಿ ಮಾಡಿ. ವೆಲ್ಡಿಂಗ್, ಕಟಿಂಗ್ ಮುಗಿದ್ಮೇಲೆ ಕನಿಷ್ಠ ಒಂದು ಗಂಟೆ ಒಬ್ಬರು ಅಲ್ಲೇ ಕೂತು ನೋಡ್ಬೇಕು, ಹಳೇ ಮರದ ನೆಲದೊಳಗೆ ಬಿದ್ದ ಕಿಡಿ ತಕ್ಷಣ ಹೊತ್ಕೊಳ್ಳಲ್ಲ, ಒಳಗೊಳಗೇ ಕನಲ್ತಾ ಇರತ್ತೆ. ಸಾಯಂಕಾಲ ಐದಕ್ಕೆ ವೆಲ್ಡಿಂಗ್ ಮುಗಿಸಿ ಐದೂ ಐದಕ್ಕೆ ಮನೆಗೆ ಹೋಗೋ ಪದ್ಧತಿ ನಿಲ್ಸಿ.

ಹಂತ 11: ಮುಗಿದ್ಮೇಲೆ ಪರೀಕ್ಷೆ

ಬಾಡಿಗೆದಾರರು ಬಂದು ಸಾಮಾನೆಲ್ಲ ಇಟ್ಟ ಮೇಲೆ, ಖಾಲಿ ಇದ್ದಾಗ ಅಲ್ಲ, ಬೆಂಕಿ ಬಿದ್ದ ಹಾಗೆ ಎಲ್ರನ್ನೂ ಇಳಿಸಿ ನೋಡೋ ಒಂದು ಫೈರ್ ಡ್ರಿಲ್ ಮಾಡ್ಸಿ. ಮೊದಲನೇ ಸಲ ಮುಂದಿನ ಮೆಟ್ಲು ಬಂದ್ ಅಂತ ಅಡ್ಡ ಹಗ್ಗ ಕಟ್ಟಿ, ಎಲ್ರೂ ಹಿಂದಿನದ್ರಲ್ಲಿ ಇಳೀಲಿ. ಎರಡನೇ ಸಲ ಉಲ್ಟಾ. ಟೈಮ್ ಬರ್ಕೊಳ್ಳಿ, ಎಲ್ಲಿ ಜನ ನಿಂತ್ರು ಅಂತ ಬರ್ಕೊಳ್ಳಿ. ಪ್ರತಿ ಫೈರ್ ಡೋರನ್ನ ಪೂರ್ತಿ ತೆಗೆದು ಬಿಡಿ, ಆಮೇಲೆ ಒಂದು ಗೇಣು ತೆಗೆದು ಬಿಡಿ, ಎರಡೂ ಸಲ ಚಿಲಕ ಬೀಳೋವರೆಗೂ ತಾನಾಗೇ ಮುಚ್ಬೇಕು. ಒಂದು ಗೇಣಿಂದ ಬಿಟ್ಟಾಗ ನಿಂತುಬಿಡೋ ಬಾಗಿಲು ಬಹಳ, ಕ್ಲೋಸರ್ ಸ್ಕ್ರೂ ತಿರುಗಿಸಿದ್ರೆ ಸರಿ ಹೋಗತ್ತೆ.

ಎಮರ್ಜೆನ್ಸಿ ಲೈಟನ್ನ ತಿಂಗಳಿಗೊಂದ್ಸಲ ಮೂವತ್ತು ಸೆಕೆಂಡ್, ವರ್ಷಕ್ಕೊಂದ್ಸಲ ಪೂರ್ತಿ ತೊಂಬತ್ತು ನಿಮಿಷ ಉರಿಸಿ ನೋಡಿ. ಗೋಡೆಯೊಳಗೆ ಮುಚ್ಚಿಹೋದ ಫೈರ್‌ಸ್ಟಾಪ್, ಬೋರ್ಡುಗಳ ಫೋಟೋ ಎಲ್ಲ ಒಂದು ಫೈಲಲ್ಲಿ ಹಾಕಿ ಓನರ್‌ಗೆ ಕೊಡಿ, ಪ್ಲಾನಿನ ಒಂದು ಕಾಪಿ ಅಂಗಡಿಯವರಿಗೂ ಒಂದು ಮೇಲಿನ ಮನೆಯವರಿಗೂ. ನಾಳೆ ಯಾರೋ ಎಸಿ ಪೈಪ್‌ಗೆ ಅಂತ ಮೆಟ್ಲ ಗೋಡೆಗೆ ಡ್ರಿಲ್ ಹಿಡ್ಕೊಂಡು ಬಂದಾಗ "ಇಲ್ಲಿ ತೂತು ಹೊಡೀಬೇಡಿ, ಇದು ಫೈರ್ ವಾಲ್" ಅಂತ ಹೇಳೋಕೆ ಆ ಮನೇಲಿ ಇರೋರಿಗೆ ಗೊತ್ತಿರ್ಬೇಕು. ಆ ಗೋಡೆ ಮೇಲೇ, ಕಣ್ಣಿನ ಎತ್ತರದಲ್ಲಿ, ಇದೇ ಮಾತನ್ನ ದಪ್ಪ ಅಕ್ಷರದಲ್ಲಿ ಬರೆಸಿಬಿಡಿ.